ವೈದ್ಯಶೋಧನೆಗೆ ಒದಗಿದ ಆಶ್ರಯ

ವಿದ್ಯಾರ್ಥಿಯ ಬುದ್ಧಿಯೊಂದರಿಂದಲೇ ಶಾಸ್ತ್ರಶೋಧನೆಯು ಬೆಳೆಯಲಾರದು. ಗುರುವಿನ ಶಿಕ್ಷಣವೂ ದಾನಿಗಳ ಆಶ್ರಯವೂ ಅದಕ್ಕೆ ಅವಶ್ಯಕವು. ಅಮೇರಿಕೆಯ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

1873ರಲ್ಲಿ ದಿವಂಗತನಾದ ವರ್ತಕ ಹಾಪ್ಕಿನ್ಸನು ವಿಶ್ವವಿದ್ಯಾಲಯಕ್ಕೂ ಆಸ್ಪತ್ರೆಗೂ ಒಟ್ಟು 70 ಲಕ್ಷ ಡಾಲರುಗಳನ್ನು ಬಿಟ್ಟುಹೋಗಿದ್ದನು. 1876ರಲ್ಲಿ ವಿಶ್ವವಿದ್ಯಾಲಯವೂ 1889ರಲ್ಲಿ ಆಸ್ಪತ್ರೆಯೂ ಆರಂಭವಾದವು. ಆದರೆ ಮೂಲಧನವನ್ನು ತೊಡಗಿಸಿದ್ದ ರೈಲ್ವೆ ಕಂಪನಿಯ ಲಾಭಾಂಶವು ಬಾರದೆ ಹೋದುದರಿಂದ ವೈದ್ಯವಿದ್ಯಾಶಾಲೆಯನ್ನು ತೆರೆಯುವ ಕಾರ್ಯವು ಸ್ಥಗಿತವಾಯಿತು.

ಆಗ ನಗರದ ಮಹಿಳೆಯರು ನಿಧಿಯನ್ನು ಕೂಡಿಸತೊಡಗಿದರು. ಅವರಲ್ಲಿ ಅಗ್ರಗಣ್ಯರಾದ ಮೇರಿ ಎಲಿಜಬೆತ್ ಗ್ಯಾರೆಟ್ಟರು 3 ಲಕ್ಷಕ್ಕೂ ಮೀರಿದ ಡಾಲರುಗಳನ್ನಿತ್ತು, ಸ್ತ್ರೀಯರನ್ನೂ ಪುರುಷರಿಗೆ ಸಮಾನವಾಗಿ ಸೇರಿಸಿಕೊಳ್ಳತಕ್ಕದ್ದೆಂದೂ, ಪದವೀಧರರಿಗೆ ಮಾತ್ರವೇ ಪ್ರವೇಶವಿರತಕ್ಕದ್ದೆಂದೂ ನಿಬಂಧನೆಗಳನ್ನು ವಿಧಿಸಿದರು. 1893ರಲ್ಲಿ ಶಾಲೆಯು ತೆರೆದಾಗ ಮೊದಲ ತರಗತಿಯ 18 ಮಂದಿಯಲ್ಲಿ ಮೂವರು ಸ್ತ್ರೀಯರಿದ್ದರು.

ಈ ದ್ವಾರದಿಂದಲೇ 1896ರಲ್ಲಿ ಫ್ಲಾರೆನ್ಸ್ ಸೇಬಿನ್ನರು ಪ್ರವೇಶಿಸಿದರು. 1900ರಲ್ಲಿ ವೈದ್ಯಪದವಿಯನ್ನು ಪಡೆದ ತರುವಾಯ, ಬಾಲ್ಟಿಮೋರಿನ ಮಹಿಳಾಸಂಘದ ಶೋಧನವೇತನದ ಬೆಂಬಲದಿಂದ, ಶರೀರರಚನಾಶಾಸ್ತ್ರದ ಆಚಾರ್ಯ ಫ್ರಾಂಕ್ಲಿನ್ ಮಾಲರ ಸನ್ನಿಧಿಯಲ್ಲಿ ಶೋಧನೆಯನ್ನು ಕೈಗೊಂಡು, ಭ್ರೂಣದಲ್ಲಿ ದುಗ್ಧರಸನಾಳಗಳು ಸಿರೆಗಳಿಂದಲೇ ಚಿಗುರುವುವೆಂದು ತೋರಿಸಿದರು. 1917ರಲ್ಲಿ ಅದೇ ವಿದ್ಯಾಶಾಲೆಯ ಪ್ರಥಮ ಮಹಿಳಾ ಪ್ರಾಧ್ಯಾಪಕರಾದರು.

ದ್ರವ್ಯವಿತ್ತು ಕಟ್ಟಡವನ್ನೆತ್ತಿಸುವುದು ಪುಣ್ಯಕಾರ್ಯವೇ ಸರಿ. ಅರ್ಹರಿಗೆ ಮುಚ್ಚಿದ್ದ ಬಾಗಿಲನ್ನು ಆ ದ್ರವ್ಯದಿಂದಲೇ ತೆರೆಯಿಸುವುದು ಅದಕ್ಕಿಂತಲೂ ಹಿರಿದು.