ಏರುದಾರಿಯೂ ಹಲ್ಲುಚಕ್ರವೂ

ಘಟ್ಟದ ಬುಡದಲ್ಲಿ ಸೈಕಲ್ಲಿನಿಂದಿಳಿದು, ಹ್ಯಾಂಡಲಿನ ಮೇಲೆ ಮೈಭಾರವನ್ನೆಲ್ಲ ಊರಿ, ಏದುಸಿರು ಬಿಡುತ್ತ ತಳ್ಳಿಕೊಂಡು ಹೋಗುವವನನ್ನು ಕಂಡವರಿಗೆ ಅವನ ಕಾಲಿನಲ್ಲಿ ಕಸುವು ಸಾಲದೆಂದು ತೋರುವುದು ಸಹಜವಾದರೂ, ದೋಷವಿರುವುದು ಹಲ್ಲಿನ ಲೆಕ್ಕದಲ್ಲಿ. ನಮ್ಮ ಊರುಗಳ ಕರಿಯ ಸಾದಾ ಸೈಕಲ್ಲಿನಲ್ಲಿ ಪೆಡಲಿಗೆ ಸೇರಿದ ಮುಂದಿನ ಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ 28 ಅಂಗುಲದ ಗಾಲಿ ಹತ್ತಿರಹತ್ತಿರ ಎರಡೂವರೆ ಸುತ್ತು ತಿರುಗಿ, ಸವಾರನನ್ನು ಐದೂವರೆ ಮೀಟರಿನಷ್ಟು ಮುಂದಕ್ಕೊಯ್ಯುತ್ತದೆ. ಬಯಲುಸೀಮೆಯಲ್ಲಿ ಇದು ಉಪಕಾರವೇ ಸರಿ. ಆದರೆ ನೆಲವು ತಲೆಯೆತ್ತಿದೊಡನೆ, ಅದೇ ಐದೂವರೆ ಮೀಟರು ಒಂದೇ ಸುತ್ತಿನಲ್ಲಿ ತೀರಿಸಬೇಕಾದ ಸಾಲವಾಗಿ ಕಾಲಿಗೆ ಗಂಟುಬೀಳುತ್ತದೆ.

ಈ ಸಾಲವನ್ನು ಕಂತುಕಂತಾಗಿ ತೀರಿಸುವ ಉಪಾಯಕ್ಕಾಗಿ ಆಯುಷ್ಯವನ್ನೇ ಸವೆಸಿದವರಲ್ಲಿ ಅಗ್ರಗಣ್ಯರು ಫ್ರಾನ್ಸಿನ ಪಾಲ್ ದ ವಿವೀ. ವೆಲೋಸಿಯೋ ಎಂಬ ಕಾವ್ಯನಾಮದಿಂದಲೇ ಲೋಕಕ್ಕೆ ಪರಿಚಿತರು. 1853ರಲ್ಲಿ ಹುಟ್ಟಿ, ರೇಷ್ಮೆಯ ವ್ಯಾಪಾರದಿಂದ ಜೀವನವನ್ನಾರಂಭಿಸಿದ ಇವರು ಕಲ್ಲಿದ್ದಲಿಗೂ ರೇಷ್ಮೆಪಟ್ಟಿಗೂ ಬಂದೂಕಿಗೂ ಹೆಸರಾಂತ ಸಾಂತ್ ಎತಿಯೆನ್ ಪಟ್ಟಣದಲ್ಲಿ ನೆಲೆಸಿ, 1887ರಲ್ಲಿ ಸೈಕಲ್ಲಿಗೆಂದೇ ಪತ್ರಿಕೆಯೊಂದನ್ನು ಹೊರಡಿಸಿದರು. ಆ ಪಟ್ಟಣದ ಅಂಚಿನಿಂದಲೇ ಮೇಲೇರುವ ದಾರಿಯೊಂದು ಸುಮಾರು 13 ಕಿಲೋಮೀಟರ್ ಸಾಗಿ, 1161 ಮೀಟರ್ ಎತ್ತರದ ಕೋಲ್ ದ ಲಾ ರೇಪ್ಯುಬ್ಲೀಕ್ ಎಂಬ ಕಣಿವೆಮಾರ್ಗವನ್ನು ಮುಟ್ಟುತ್ತದೆ. ವೆಲೋಸಿಯೋ ಅವರಿಗೆ ಅದೇ ಪ್ರಯೋಗಶಾಲೆ. ಪೆಡಲಿನ ಬಳಿ ಒಂದರ ಪಕ್ಕದಲ್ಲೊಂದು ಎರಡು ಹಲ್ಲುಚಕ್ರಗಳನ್ನು ಕೂರಿಸಿ, ಏರು ಬಂದಾಗ ಚೈನನ್ನು ಕೈಯಿಂದಲೇ ಎತ್ತಿ ಕಿರಿದಕ್ಕೂ, ಬಯಲು ಬಂದಾಗ ಹಿರಿದಕ್ಕೂ ಜರುಗಿಸುವುದು ಅವರ ಮೊದಲ ಸಾಧನ. ಕೈಗೆ ಎಣ್ಣೆ ಮೆತ್ತಿದರೂ ಮಂಡಿಗೆ ಸುಖವಾಯಿತು.

ಇಷ್ಟು ಸರಳವಾದ ಸುಖವನ್ನು ಲೋಕವು ತಟ್ಟನೆ ಒಪ್ಪಬೇಕಿತ್ತು, ಒಪ್ಪಲಿಲ್ಲ. 1902ರಲ್ಲಿ ಫ್ರಾನ್ಸಿನ ಪ್ರವಾಸೀ ಸಂಘವು ಪಿರನೀಸ್ ಪರ್ವತದ ತೂರ್ಮಲೆ ಏರಿನಲ್ಲಿ ಗೇರುಳ್ಳ ಸೈಕಲ್ಲುಗಳನ್ನು ಪರೀಕ್ಷೆಗಿಟ್ಟು ಅವುಗಳ ಯೋಗ್ಯತೆಯನ್ನು ತೋರಿಸಿಕೊಟ್ಟಿತು. ಆದರೆ ಮರುವರ್ಷ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಆರಂಭಿಸಲಿದ್ದ ಪತ್ರಿಕಾಕರ್ತ ಆಂರಿ ದೇಗ್ರಾಂಜ್, ಬದಲಿಸಬಲ್ಲ ಗೇರು ನಲವತ್ತೈದು ದಾಟಿದವರಿಗೆ ತಕ್ಕದ್ದೆಂದೂ, ಗೆಲುವು ಯಂತ್ರದ ಕುಶಲತೆಗಲ್ಲದೆ ಮಾಂಸಖಂಡಕ್ಕೇ ಸಲ್ಲಬೇಕೆಂದೂ ವಾದಿಸಿದರು. ಅವರ ಪಂದ್ಯ 1903ರಲ್ಲಿ ವೆಲೋಸಿಯೋ ಅವರ ಅದೇ ಕಣಿವೆಮಾರ್ಗವನ್ನೇ ಹಾದುಹೋಯಿತೆಂಬುದು ಇತಿಹಾಸದ ವಿನೋದ.

ಈ ಬಿಗುಮಾನದ ಫಲವನ್ನು ಸವಾರರು ಉಂಡ ಬಗೆ ಕಣ್ಣಿಗೆ ಕಟ್ಟುವಂಥದು. ಹಿಂಗಾಲಿಯ ಎಡಬಲಗಳಲ್ಲಿ ಬೇರೆಬೇರೆ ಅಳತೆಯ ಹಲ್ಲುಚಕ್ರಗಳಿರುತ್ತಿದ್ದುವು. ಏರಿನ ಬುಡದಲ್ಲಿ ಸವಾರನು ಕೆಳಗಿಳಿದು, ಚಿಟ್ಟೆಯ ರೆಕ್ಕೆಯಂತಹ ನಟ್ಟುಗಳನ್ನು ಬಿಚ್ಚಿ, ಗಾಲಿಯನ್ನು ಕಳಚಿ ತಿರುಗಿಸಿ ಹಾಕಿ, ಚೈನು ಕೂರಿಸಿ, ಮತ್ತೆ ನಟ್ಟು ಬಿಗಿಯಬೇಕು. ತುದಿ ಮುಟ್ಟಿದಾಗ, ಮಂಜಿನಿಂದ ಮರಗಟ್ಟಿದ ಬೆರಳುಗಳಿಂದ ಅದೇ ವಿಧಿಯನ್ನು ವಿಲೋಮವಾಗಿ ನಡೆಸಬೇಕು. ಇತ್ತ ಸಾಮಾನ್ಯ ಜನರು ಈ ವ್ರತಕ್ಕೆ ಕಟ್ಟುಬೀಳಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಆಗಲೇ ಗಾಲಿಯ ಗುಂಬದೊಳಗೆ ಅಡಗುವ ಮೂರು ಗೇರಿನ ಸ್ಟರ್ಮಿ ಆರ್ಚರ್ ತಯಾರಾಗುತ್ತಿತ್ತು. ಫ್ರಾನ್ಸಿನಲ್ಲಿ ಪ್ರವಾಸಿಗರು ಚೈನನ್ನು ಕೈಯಿಂದ ಮುಟ್ಟದೆಯೇ ಜರುಗಿಸುವ ಡಿರೇಲರನ್ನು ಬಳಸಿ ಬೆಟ್ಟಗಳನ್ನು ಸುಖವಾಗಿ ದಾಟುತ್ತಿದ್ದರು. ಟೂರ್ ಪಂದ್ಯವು ಡಿರೇಲರಿಗೆ ಬಾಗಿಲು ತೆರೆದದ್ದು 1937ರಲ್ಲಿ; ಆ ವರ್ಷ ಅದರೊಡನೆಯೇ ರೋಜೆ ಲಪೆಬಿ ಗೆದ್ದರು. ವೆಲೋಸಿಯೋ ಅದನ್ನು ನೋಡಲಿಲ್ಲ. 1930ರಲ್ಲಿ ಸಾಂತ್ ಎತಿಯೆನ್ನಿನ ಬೀದಿಯಲ್ಲಿ ಟ್ರಾಮು ಬಡಿದು ತೀರಿಕೊಂಡಿದ್ದರು. ಅವರ ಸ್ಮಾರಕ ಆ ಕಣಿವೆಮಾರ್ಗದಲ್ಲಿಯೇ ಇದೆ.

ಪಂದ್ಯದ ಮದವು ಮೂವತ್ತಕ್ಕೂ ಹೆಚ್ಚು ವರ್ಷ ತಡೆಹಿಡಿದುದನ್ನು ನಿತ್ಯದ ದಾರಿಹೋಕರು ಮೊದಲೇ ಅರಿತಿದ್ದರೆಂಬುದೇ ಈ ಕಥೆಯ ತಿರುಳು. ಅಗ್ಗದ ಸೈಕಲ್ಲಿನಲ್ಲಿಯೂ ಆ ಅರಿವನ್ನು ಆಚರಣೆಗೆ ತರುವುದು ಕಷ್ಟವೇನಲ್ಲ. ಮುಂದಿನ 44 ಹಲ್ಲು ಹಾಗೆಯೇ ಇರಲಿ. 18ರ ಫ್ರೀವೀಲನ್ನು ಕಳಚಿ 22ರದನ್ನು ಕೂರಿಸಿ, ಚೈನು ಗಿಡ್ಡವಾದರೆ ಒಂದೆರಡು ಕೊಂಡಿ ಸೇರಿಸಿದರೆ, ಪೆಡಲಿನ ಒಂದು ಸುತ್ತಿಗೆ ಗಾಲಿ ಸರಿಯಾಗಿ ಎರಡೇ ಸುತ್ತು ತಿರುಗುತ್ತದೆ. ಅದೇ ಏರಿನಲ್ಲಿ ಕಾಲು ಒತ್ತಬೇಕಾದ ಬಲವು ಶೇಕಡಾ 18ರಷ್ಟು ಇಳಿಯುತ್ತದೆ. ಬಯಲಿನಲ್ಲಿ ತುಸು ನಿಧಾನವಾದೀತು; ಆ ನಷ್ಟವನ್ನು ಏರಿನ ಊರಿನವರು ನಗುತ್ತಲೇ ಸಹಿಸಬಲ್ಲರು. ಆದಕಾರಣ ಘಟ್ಟದ ಊರುಗಳಲ್ಲಿ ಸೈಕಲ್ಲು ಕೊಳ್ಳುವವರು ಬೆಲೆಯನ್ನೂ ಬಣ್ಣವನ್ನೂ ವಿಚಾರಿಸಿದ ಮೇಲೆ, ಒಮ್ಮೆ ಬಾಗಿ ಹಿಂದಿನ ಚಕ್ರದ ಹಲ್ಲನ್ನೂ ಎಣಿಸಿ ನೋಡಲಿ.