ಮೂತ್ರಪಿಂಡದ ಕಲ್ಲು

ಮೂತ್ರಪಿಂಡದ ಕಲ್ಲು ಎಂದರೆ ಮೂತ್ರದಲ್ಲಿ ಕರಗಿರಬೇಕಾದ ಲವಣಗಳು ಹರಳುಗಟ್ಟಿ, ಒಂದಕ್ಕೊಂದು ಅಂಟಿ, ಮೂತ್ರಪಿಂಡದೊಳಗೆ ಗಟ್ಟಿಯಾದ ತುಣುಕುಗಳಾಗಿ ಬೆಳೆಯುವ ರೋಗಸ್ಥಿತಿ. ಆಡುಮಾತಿನಲ್ಲಿ ಇದನ್ನು ಕಿಡ್ನಿ ಸ್ಟೋನ್, ಕಿಡ್ನಿ ಕಲ್ಲು ಅಥವಾ ಹರಳು ಎನ್ನುತ್ತಾರೆ. ಆಯುರ್ವೇದದಲ್ಲಿ ಇದರ ಹೆಸರು ಅಶ್ಮರಿ. ಸುಶ್ರುತ ಸಂಹಿತೆಯಲ್ಲಿ ಅಶ್ಮರಿಯ ಲಕ್ಷಣಗಳನ್ನೂ ಅದನ್ನು ಶಸ್ತ್ರಕ್ರಿಯೆಯಿಂದ ಹೊರತೆಗೆಯುವ ಕ್ರಮವನ್ನೂ ವಿವರಿಸಲಾಗಿದೆ. ಹಳೆಯ ಪಠ್ಯಪುಸ್ತಕಗಳಲ್ಲಿ ಮೂತ್ರಪಿಂಡಕ್ಕೆ ಮೂತ್ರಜನಕಾಂಗ ಎಂಬ ಪದವಿತ್ತು. ಮೂತ್ರಕೋಶ ಎಂಬ ಪದವಂತೂ ಒಮ್ಮೆ ಮೂತ್ರಪಿಂಡಕ್ಕೆ, ಇನ್ನೊಮ್ಮೆ ಮೂತ್ರ ಸಂಗ್ರಹವಾಗುವ ಚೀಲಕ್ಕೆ ಬಳಕೆಯಾಗಿ ಗೊಂದಲ ಉಂಟುಮಾಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ಚೀಲವನ್ನು ಮೂತ್ರಾಶಯವೆಂದೂ, ಮೂತ್ರಪಿಂಡದಿಂದ ಅಲ್ಲಿಗೆ ಇಳಿಯುವ ಕೊಳವೆಯನ್ನು ಮೂತ್ರನಾಳವೆಂದೂ ಕರೆಯಲಾಗಿದೆ.

ಕಾರಣಗಳು

ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ಯೂರಿಕ್ ಆಮ್ಲದ ಕಲ್ಲು, ಮೂತ್ರದ ಸೋಂಕಿನಿಂದ ಬೆಳೆಯುವ ಸ್ಟ್ರುವೈಟ್ ಕಲ್ಲು, ವಂಶಪಾರಂಪರ್ಯವಾಗಿ ಬರುವ ಸಿಸ್ಟೀನ್ ಕಲ್ಲು ಉಳಿದ ಬಗೆಗಳು. ಬಗೆ ಯಾವುದಾದರೂ ಮೂತ್ರ ಗಾಢವಾದಷ್ಟೂ ಹರಳುಗಟ್ಟುವ ಸಂಭವ ಹೆಚ್ಚು.

ಈ ದೃಷ್ಟಿಯಿಂದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಜೀವನಕ್ರಮ ಗಮನಾರ್ಹವಾದುದು. ಹಡಗಲಿ ಮತ್ತು ಹರಪನಹಳ್ಳಿಯ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಿದ್ದರೂ ಒಟ್ಟಾರೆ ಇದು ಮಳೆ ಕಡಿಮೆಯಿರುವ ಬಯಲುಸೀಮೆ. ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರ ದೇಹದ ನೀರು ಬೆವರಾಗಿ ಹೋಗಿ, ಮೂತ್ರಕ್ಕೆ ಉಳಿಯುವುದು ಸ್ವಲ್ಪವೇ. ಹೊಲದಲ್ಲಿ, ಸಂತೆಯಲ್ಲಿ, ಬಸ್ ಪ್ರಯಾಣದಲ್ಲಿ ಶೌಚಾಲಯವಿಲ್ಲವೆಂಬ ಕಾರಣಕ್ಕೆ ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ದಿನ ಕಳೆಯುವುದುಂಟು. ರೋಗದ ಕಾರಣಗಳನ್ನು ಪಟ್ಟಿಮಾಡುವಾಗ ಇದನ್ನು ಬಿಡುವಂತಿಲ್ಲ.

ಕೊಳವೆಬಾವಿಯ ಗಡಸು ನೀರಿನಿಂದಲೇ ಕಲ್ಲಾಗುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ನೀರಿನ ಗಡಸುತನಕ್ಕೂ ಕಲ್ಲಿಗೂ ನೇರ ಸಂಬಂಧ ಖಚಿತವಾಗಿ ಸಿದ್ಧವಾಗಿಲ್ಲ. ಗಡಸೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಅಪಾಯ ಹೆಚ್ಚುವುದು ಮಾತ್ರ ನಿಶ್ಚಯ. ಅಂತರ್ಜಲದ ಫ್ಲೋರೈಡ್ ಬೇರೆಯದೇ ಸಮಸ್ಯೆ. ಅದು ಮುಖ್ಯವಾಗಿ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುತ್ತದೆ; ಆದ್ದರಿಂದ ಕುಡಿಯಲು ಶುದ್ಧೀಕರಿಸಿದ ನೀರು ಬಳಸುವುದು ಉಚಿತ.

ಲಕ್ಷಣಗಳು

ಕಲ್ಲು ಮೂತ್ರಪಿಂಡದಲ್ಲೇ ಅಲುಗಾಡದೆ ಇದ್ದಾಗ ಅನೇಕರಿಗೆ ಏನೂ ತಿಳಿಯುವುದಿಲ್ಲ. ಅದು ಜಾರಿ ಮೂತ್ರನಾಳಕ್ಕೆ ಇಳಿದಾಗ ನೋವು ಆರಂಭವಾಗುತ್ತದೆ. ಮೂತ್ರನಾಳದ ಉದ್ದ ಸುಮಾರು 25ರಿಂದ 30 ಸೆಂಟಿಮೀಟರ್. ಒಳಗಿನ ಅಗಲ ಕೆಲವೇ ಮಿಲಿಮೀಟರ್. ಮೂತ್ರಪಿಂಡದಿಂದ ಹೊರಡುವಲ್ಲಿ, ಸೊಂಟದ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಾಶಯವನ್ನು ಸೇರುವಲ್ಲಿ ಅದು ಇನ್ನಷ್ಟು ಕಿರಿದಾಗುವುದರಿಂದ ಕಲ್ಲು ಸಾಮಾನ್ಯವಾಗಿ ಈ ಮೂರು ಕಡೆ ಸಿಕ್ಕಿಕೊಳ್ಳುತ್ತದೆ.

ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಯಲ್ಲಿ ಹುಟ್ಟುವ ನೋವು ಹೊಟ್ಟೆಯ ಮುಂಭಾಗಕ್ಕೆ, ಅಲ್ಲಿಂದ ತೊಡೆಸಂದಿಗೆ ಹರಿಯುತ್ತದೆ. ಗಂಡಸರಲ್ಲಿ ವೃಷಣದವರೆಗೂ ಇಳಿಯಬಹುದು. ಅದು ಅಲೆಅಲೆಯಾಗಿ ಏರಿ ಇಳಿಯುತ್ತದೆ. ವಾಕರಿಕೆ, ವಾಂತಿ, ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮೂತ್ರ ಕೆಂಪಾಗುವುದು ಜೊತೆಗಿರಬಹುದು. ಕರುಳುಬಾಲದ ಉರಿಯೂತವಾದವರು ಅಲುಗಿದರೆ ನೋವೆಂದು ಸುಮ್ಮನೆ ಮಲಗಿರುತ್ತಾರೆ. ಕಲ್ಲಿನ ನೋವಿನವರು ಕುಳಿತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಾರೆ. ಇದು ಗುರುತಿಸಲು ನೆರವಾಗುವ ಸುಳಿವೇ ಹೊರತು ರೋಗನಿರ್ಣಯವಲ್ಲ.

ನೋವು ನಿಂತಿತೆಂದರೆ ಕಲ್ಲು ಹೋಯಿತೆಂದು ಅರ್ಥವಲ್ಲ. ಮೂತ್ರನಾಳವನ್ನು ಕಟ್ಟಿಕೊಂಡು ಕುಳಿತ ಕಲ್ಲು ಕೆಲವು ದಿನಗಳ ಬಳಿಕ ನೋವು ಕೊಡುವುದನ್ನು ನಿಲ್ಲಿಸಬಹುದು. ಆ ಬದಿಯ ಮೂತ್ರಪಿಂಡ ಊದಿಕೊಂಡು, ವಾರಗಳು ಕಳೆದಂತೆ ಸದ್ದಿಲ್ಲದೆ ತನ್ನ ಕೆಲಸವನ್ನು ಕಳೆದುಕೊಳ್ಳುತ್ತದೆ. ಇನ್ನೊಂದು ಮೂತ್ರಪಿಂಡ ದುಡಿಯುತ್ತಿರುವುದರಿಂದ ಮೂತ್ರ ಎಂದಿನಂತೆಯೇ ಬರುತ್ತಿರುತ್ತದೆ. ರೋಗಿಗೆ ಅನುಮಾನವೇ ಬರುವುದಿಲ್ಲ. ಆದುದರಿಂದ ಒಮ್ಮೆ ಇಂಥ ನೋವು ಬಂದವರು ನೋವು ಕಡಿಮೆಯಾದ ಮೇಲೂ ಸ್ಕ್ಯಾನಿಂಗ್ ಮಾಡಿಸಿಕೊಂಡು ಕಲ್ಲು ಹೋಗಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ತುರ್ತು ಸಂದರ್ಭಗಳು

ಕಲ್ಲಿನ ನೋವಿನೊಂದಿಗೆ ಚಳಿಜ್ವರ ಬಂದರೆ ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿರುವ ಸಂಭವವಿದೆ. ಅದು ರಕ್ತಕ್ಕೆ ಹರಡಿ ಪ್ರಾಣಕ್ಕೆ ಕುತ್ತಾಗಬಲ್ಲದು. ಬೆಳಗಾಗಲಿ ಎಂದು ಕಾಯುವ ವಿಷಯವಲ್ಲ. ಮೂತ್ರ ಪೂರ್ತಿ ನಿಂತುಹೋದಾಗ, ವಾಂತಿಯಿಂದ ನೀರೂ ನಿಲ್ಲದಿದ್ದಾಗ, ಒಂದೇ ಮೂತ್ರಪಿಂಡ ಇರುವವರಿಗೆ ಅಥವಾ ಗರ್ಭಿಣಿಯರಿಗೆ ನೋವು ಬಂದಾಗಲೂ ಕೂಡಲೇ ಆಸ್ಪತ್ರೆ ಸೇರಬೇಕು. ಸರ್ಕಾರಿ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬಹುದು.

ಪತ್ತೆ ಮತ್ತು ಚಿಕಿತ್ಸೆ

ಮೂತ್ರ ಪರೀಕ್ಷೆ, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಿಂದ ತಪಾಸಣೆ ಆರಂಭವಾಗುತ್ತದೆ. ಯೂರಿಕ್ ಆಮ್ಲದ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದು, ಸಿ.ಟಿ. ಸ್ಕ್ಯಾನ್‌ನಲ್ಲಿ ಹೆಚ್ಚು ಕಡಿಮೆ ಎಲ್ಲ ಕಲ್ಲುಗಳೂ ಕಾಣುತ್ತವೆ.

5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಮೂತ್ರದೊಂದಿಗೆ ಹೊರಬರುತ್ತವೆ. 10 ಮಿಲಿಮೀಟರ್ ಮೀರಿದವು ಹಾಗೆ ಬರುವುದು ಅಪರೂಪ. ಕಾಯುವ ಅವಧಿಯಲ್ಲಿ ವೈದ್ಯರು ನೋವುನಿವಾರಕವನ್ನೂ, ಕೆಲವರಿಗೆ ಮೂತ್ರನಾಳವನ್ನು ಸಡಿಲಿಸುವ ಔಷಧವನ್ನೂ ಕೊಡುತ್ತಾರೆ. ಔಷಧದಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗುವುದರಿಂದ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ನೋವಿನ ಹೊತ್ತಿನಲ್ಲಿ ಕೊಡಗಟ್ಟಲೆ ನೀರು ಕುಡಿದು ಕಲ್ಲನ್ನು ತಳ್ಳಲು ಹೊರಟರೆ ಪ್ರಯೋಜನವಿಲ್ಲ. ಬಾಯಾರಿಕೆಗೆ ತಕ್ಕಷ್ಟು ಸಾಕು. ಬಿಯರ್ ಕುಡಿದರೆ ಕಲ್ಲು ಇಳಿಯುತ್ತದೆ ಎಂಬುದಕ್ಕೂ ಆಧಾರವಿಲ್ಲ.

ದೊಡ್ಡ ಕಲ್ಲುಗಳಿಗೆ ಮೂರು ದಾರಿಗಳಿವೆ. ಮೊದಲನೆಯದು ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಪುಡಿಮಾಡುವುದು. ಇದನ್ನು ಮನುಷ್ಯರ ಮೇಲೆ ಮೊದಲು ಪ್ರಯೋಗಿಸಿದ್ದು 1980ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಎರಡನೆಯದು ಮೂತ್ರದ್ವಾರದ ಮೂಲಕ ದೂರ್ಬೀನು ತೂರಿಸಿ ಲೇಸರ್‌ನಿಂದ ಒಡೆಯುವುದು. ಮೂರನೆಯದು ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ನೇರವಾಗಿ ತೆಗೆಯುವುದು.

ಶಸ್ತ್ರಕ್ರಿಯೆಯ ನಂತರ ಹಲವರಿಗೆ ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಮೆದುವಾದ ಕೊಳವೆಯನ್ನು ಇರಿಸಿ ಕಳಿಸುತ್ತಾರೆ. ಅದು ತಾತ್ಕಾಲಿಕ. ವೈದ್ಯರು ಹೇಳಿದ ದಿನಕ್ಕೆ ಹೋಗಿ ತೆಗೆಸಲೇಬೇಕು. ಮರೆತರೆ ಅದರ ಮೇಲೆಯೇ ಹೊಸ ಕಲ್ಲು ಕಟ್ಟುತ್ತದೆ. ಬಿಡುಗಡೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿರುವುದು ಅರ್ಥವಾಗದೆ, ಒಳಗೆ ಕೊಳವೆಯಿದೆಯೆಂಬುದೇ ತಿಳಿಯದೆ ಊರಿಗೆ ಮರಳುವವರಿದ್ದಾರೆ. ಬಿಡುಗಡೆಯ ವೇಳೆ ಇದನ್ನು ಬಾಯಿಬಿಟ್ಟು ಕೇಳಿ, ತೆಗೆಸುವ ದಿನಾಂಕವನ್ನು ಕನ್ನಡದಲ್ಲಿ ಬರೆಸಿಕೊಳ್ಳುವುದು ಒಳಿತು.

ಈ ತಾಲ್ಲೂಕುಗಳವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ವಿಮ್ಸ್ ಎಂದೇ ಜನಜನಿತವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಬೇಕಾದವರು ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡ್ ಒಯ್ಯಬೇಕು. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಬೇಕು.

ಆಹಾರ ಮತ್ತು ತಡೆ

ಮುನ್ನೆಚ್ಚರಿಕೆ ವಹಿಸದಿದ್ದರೆ ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗೆ ಮತ್ತೆ ಬರುತ್ತದೆ. ದಿನಕ್ಕೆ ಎರಡೂವರೆ ಲೀಟರ್‌ನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕು. ನೆರಳಿನಲ್ಲಿರುವವರಿಗೆ ಮೂರು ಲೀಟರ್ ಸಾಕಾದರೆ ಹೊಲದಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು. ಮೂತ್ರ ಹಳದಿಗಟ್ಟದೆ ತಿಳಿಯಾಗಿರುವುದೇ ಅಳತೆಗೋಲು. ಹೃದಯ ಅಥವಾ ಮೂತ್ರಪಿಂಡದ ಬೇರೆ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಬೇಕು.

ಹಾಲು, ಮೊಸರು ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದೊಂದಿಗೆ ಸಾಗಿಸುತ್ತದೆ. ಪಾಲಕ್, ಬೀಟ್‌ರೂಟ್, ಶೇಂಗಾಗಳಲ್ಲಿ ಆಕ್ಸಲೇಟ್ ಹೆಚ್ಚು. ರೊಟ್ಟಿಯೊಂದಿಗೆ ಶೇಂಗಾ ಚಟ್ನಿ ಇಲ್ಲದೆ ಊಟ ರುಚಿಸದ ಈ ಸೀಮೆಯಲ್ಲಿ ಅದನ್ನು ಪೂರ್ತಿ ಬಿಡಬೇಕೆಂದಿಲ್ಲ; ಮಿತಗೊಳಿಸಿ, ಮೊಸರಿನೊಂದಿಗೆ ತಿನ್ನಬಹುದು. ಉಪ್ಪು ಹೆಚ್ಚಾದರೆ ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಂ ಹೆಚ್ಚುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ–ಮಂಡಕ್ಕಿಗಳ ಮೇಲೆ ಹಿಡಿತವಿರಬೇಕು. ಟೊಮೆಟೊ ಬೀಜದಿಂದ ಕಲ್ಲಾಗುವುದಿಲ್ಲ. ಅದರಲ್ಲಿ ಆಕ್ಸಲೇಟ್ ಕಡಿಮೆ. ನಿಂಬೆಹಣ್ಣಿನ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯಲು ಸಹಕಾರಿ.

ಹುರುಳಿ ಕಟ್ಟು ಮತ್ತು ಬಾಳೆದಿಂಡು ಹಳ್ಳಿಗಳಲ್ಲಿ ಹೆಸರಾದ ಮನೆಮದ್ದುಗಳು. ಆಹಾರವಾಗಿ ಇವುಗಳಿಗೆ ಆಕ್ಷೇಪವಿಲ್ಲ. ಆದರೆ ಸಿಕ್ಕಿಕೊಂಡ ದೊಡ್ಡ ಕಲ್ಲನ್ನು ಇವು ಕರಗಿಸುತ್ತವೆ ಎಂಬುದು ಸಿದ್ಧವಾಗಿಲ್ಲ. ಇವನ್ನು ನೆಚ್ಚಿ ತಿಂಗಳುಗಟ್ಟಲೆ ಕಾಯುವುದೇ ಮೂತ್ರಪಿಂಡಕ್ಕೆ ಮುಳುವಾಗಬಹುದು. ಕಲ್ಲು ಹೊರಬೀಳುವ ನಿರೀಕ್ಷೆಯಲ್ಲಿರುವವರು ಮೂತ್ರವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಸಿಕ್ಕ ಹರಳನ್ನು ಒಣಗಿಸಿ ಸಣ್ಣ ಡಬ್ಬಿಯಲ್ಲಿಟ್ಟು ವೈದ್ಯರಿಗೆ ಕೊಡಬೇಕು. ಅದರ ಪರೀಕ್ಷೆಯಿಂದ ಕಲ್ಲಿನ ಬಗೆ ತಿಳಿದು, ಯಾವ ಪಥ್ಯ ಬೇಕು, ಯಾವುದು ಬೇಡ ಎಂಬುದು ನಿರ್ಧಾರವಾಗುತ್ತದೆ.