ಪ್ರತಿನಿಧಿಯ ಎರಡು ಪಂದ್ಯಗಳು

ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿವಿಚಾರವೆಂಬುದೊಂದುಂಟು. ಯಾಗಕ್ಕೆ ಸೋಮಲತೆ ದೊರೆಯದಿದ್ದರೆ ಪೂತೀಕವೆಂಬ ಬಳ್ಳಿಯನ್ನು ತಂದು ರಸ ಹಿಂಡಬಹುದು. ಮುಖ್ಯದ್ರವ್ಯವು ಸಿಕ್ಕಿತೆಂದರೆ ಅದನ್ನೇ ಕೈಕೊಳ್ಳತಕ್ಕದ್ದು. ಪ್ರತಿನಿಧಿಯೂ ಕೆಟ್ಟುಹೋದ ಪಕ್ಷದಲ್ಲಿ, ಪ್ರತಿನಿಧಿಯನ್ನು ಹೋಲುವ ಇನ್ನೊಂದನ್ನು ಹುಡುಕಲಾಗದು. ಮುಖ್ಯವನ್ನು ಹೋಲುವುದನ್ನೇ ಹುಡುಕಬೇಕು. ಯಜ್ಞಶಾಲೆಯ ಈ ನ್ಯಾಯವು ಆಟದ ಬಯಲಿನಲ್ಲಿಯೂ ಎಷ್ಟು ಕಠಿಣವಾಗಿ ನಡೆಯುತ್ತದೆಂಬುದಕ್ಕೆ ನಮ್ಮ ಅರಸೀಕೆರೆಯ ವೇಗದ ಬೌಲರು ಡೇವಿಡ್ ಜಾನ್ಸನ್ನರ ಚರಿತ್ರೆಯೇ ಸಾಕು.

ಅಮೇರಿಕದವರ ಬೇಸ್‌ಬಾಲ್ ಆಟದಲ್ಲಿ ಪ್ರತಿನಿಧಿಗೆ ಒಂದು ಗೊತ್ತಾದ ಉದ್ಯೋಗವೇ ಉಂಟು. ಚೆಂಡೆಸೆಯುವವನು ದಣಿದರೆ ಆಟದ ನಡುವೆಯೇ ಇನ್ನೊಬ್ಬನನ್ನು ಕರೆಯುತ್ತಾರೆ. ಅದಕ್ಕಾಗಿಯೇ ಕಾದು ಕುಳಿತವರು ಇರುತ್ತಾರೆ, ಅದರಲ್ಲಿಯೇ ಹೆಸರು ಪಡೆದವರೂ ಇದ್ದಾರೆ. ಕ್ರಿಕೆಟ್ಟಿನಲ್ಲಿ ಹಾಗಿಲ್ಲ. ಇಲ್ಲಿ ಸಾಮಾನ್ಯವಾಗಿ ಪಂದ್ಯಕ್ಕೆ ಮೊದಲೇ ಒಬ್ಬನು ಮತ್ತೊಬ್ಬನ ಸ್ಥಾನಕ್ಕೆ ಬರಬೇಕು. ಬಂದ ಮೇಲೆ ಅವನನ್ನು ಪ್ರತಿನಿಧಿಯೆಂದು ಕನಿಕರಿಸುವವರು ಯಾರೂ ಇಲ್ಲ.

ಜಾನ್ಸನ್ನರು ಹುಟ್ಟಿದ್ದು 1971ನೆಯ ಇಸವಿ ಅಕ್ಟೋಬರ್ 16ರಂದು, ಅರಸೀಕೆರೆಯಲ್ಲಿ. 1995-96ರ ರಣಜಿ ಪಂದ್ಯಮಾಲೆಯಲ್ಲಿ ಕೇರಳದ ಮೇಲೆ ಒಂದೇ ಪಂದ್ಯದಲ್ಲಿ 152 ರನ್ನುಗಳಿಗೆ 10 ವಿಕೆಟ್ಟುಗಳನ್ನು ಕಿತ್ತರು. ಕರ್ನಾಟಕವು ರಣಜಿ ಪಾರಿತೋಷಕವನ್ನು ಗೆದ್ದ ವರ್ಷವದು. ಆಯ್ಕೆಗಾರರ ದೃಷ್ಟಿ ಇವರ ಮೇಲೆ ಬಿದ್ದದ್ದು ಆಗಲೇ.

ಮರುವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದವರು ದೆಹಲಿಗೆ ಬಂದರು. ಬಾರ್ಡರ್-ಗಾವಸ್ಕರ್ ಪಾರಿತೋಷಕಕ್ಕೆ ಮೊಟ್ಟಮೊದಲ ಪಂದ್ಯವಿದು. ತೆಂಡೂಲ್ಕರರು ನಾಯಕರಾಗಿ ಆಡಿದ ಮೊದಲ ಟೆಸ್ಟೂ ಇದೇ. ಜಾವಗಲ್ ಶ್ರೀನಾಥರು ಗಾಯದಿಂದ ಹೊರಗುಳಿಯಲು ಜಾನ್ಸನ್ನರಿಗೆ ಕರೆ ಬಂದಿತು. ಜಾವಗಲ್ಲೆಂಬುದು ಅರಸೀಕೆರೆ ತಾಲ್ಲೂಕಿನದೇ ಊರೆಂಬುದನ್ನು ವಾಚಕರು ಮರೆಯಬಾರದು. ಮೈಸೂರಿನಲ್ಲಿ ಹುಟ್ಟಿ ಆ ಊರಿನ ಹೆಸರನ್ನು ಹೊತ್ತವರ ಸ್ಥಾನಕ್ಕೆ, ಅದೇ ತಾಲ್ಲೂಕಿನಲ್ಲಿ ಹುಟ್ಟಿದವರು ಬಂದರು! ಅಕ್ಟೋಬರ್ 10ರಂದು ಪಂದ್ಯ ಮೊದಲಾದಾಗ ಜಾನ್ಸನ್ನರಿಗೆ ಇಪ್ಪತ್ತೈದು ತುಂಬಲು ಇನ್ನು ಆರು ದಿನವಿದ್ದಿತು.

ಮೋಂಗಿಯಾ 152 ರನ್ನು ಹೊಡೆದರು. ಕುಂಬ್ಳೆಯವರು ಒಂಬತ್ತು ವಿಕೆಟ್ಟು ತೆಗೆದರು. ಭಾರತವು 7 ವಿಕೆಟ್ಟುಗಳಿಂದ ಗೆದ್ದಿತು. ಕುಂಬ್ಳೆ, ಜೋಶಿ, ಕಪೂರ್ ಎಂಬ ಮೂವರು ಸ್ಪಿನ್ನರುಗಳನ್ನು ಆಡಿಸಿದ ಆ ನೆಲದಲ್ಲಿ ವೇಗಿಗೆ ಹೆಚ್ಚಿನ ಕೆಲಸವಿರಲಿಲ್ಲ. ಆದರೂ ಎರಡನೆಯ ಇನ್ನಿಂಗ್ಸಿನಲ್ಲಿ ಮೈಕೇಲ್ ಸ್ಲೇಟರನನ್ನು ಸೊನ್ನೆಗೆ ಕಳುಹಿಸಿದವರು ಜಾನ್ಸನ್ನರೇ. ಚೆಂಡನ್ನು ಹಿಡಿದವರು ಅಜರುದ್ದೀನರು. ಆ ಕಾಲದಲ್ಲಿ ಜಗತ್ತಿನ ಉತ್ತಮ ಆರಂಭ ಆಟಗಾರರ ಪಂಕ್ತಿಯಲ್ಲಿದ್ದವನು ಸ್ಲೇಟರ್. ಮೊದಲ ವಿಕೆಟ್ಟಿಗೆ ಇದಕ್ಕಿಂತ ಮೇಲಾದುದನ್ನು ಯಾರು ಬಯಸಿಯಾರು?

ನವೆಂಬರಿನಲ್ಲಿ ಶ್ರೀನಾಥರು ಚೇತರಿಸಿಕೊಂಡು ಮರಳಿ, ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕದವರನ್ನು 21 ರನ್ನುಗಳಿಗೆ 6 ವಿಕೆಟ್ಟು ಕಿತ್ತು ಉರುಳಿಸಿದರು. ಸೋಮವು ಸಿಕ್ಕಿತು, ಪೂತೀಕವು ಪಕ್ಕಕ್ಕೆ ಸರಿಯಿತು. ಇದರಲ್ಲಿ ಅನ್ಯಾಯವೇನೂ ಇಲ್ಲ.

ಅನ್ಯಾಯವೆಂದು ನನಗೆ ತೋರುವುದು ದರ್ಬನ್ನಿನ ವಿಚಾರದಲ್ಲಿ. 1996ರ ಡಿಸೆಂಬರ್ 26ರಂದು ಆರಂಭವಾದ ಆ ಟೆಸ್ಟಿನಲ್ಲಿ ಶ್ರೀನಾಥ, ಪ್ರಸಾದ್, ಕುಂಬ್ಳೆ, ಜಾನ್ಸನ್, ಹೀಗೆ ಭಾರತದ ನಾಲ್ವರು ಮುಖ್ಯ ಬೌಲರುಗಳೂ ಕರ್ನಾಟಕದವರು! ಎದುರಾಳಿಗಳು 235 ಮತ್ತು 259ಕ್ಕೆ ಮುಗಿದರು. ವೆಂಕಟೇಶ ಪ್ರಸಾದರು ಎರಡು ಸಲವೂ ಐದೈದು ವಿಕೆಟ್ಟು ಪಡೆದರು. ಜಾನ್ಸನ್ನರು ಗಿಬ್ಸ್ ಮತ್ತು ಮ್ಯಾಕ್‌ಮಿಲನ್ನರನ್ನು ಕಿತ್ತರು. ಇಷ್ಟಾದ ಮೇಲೆ ಬ್ಯಾಟು ಹಿಡಿದವರು ಮಾಡಿದ್ದೇನು? ಡೊನಾಲ್ಡನ ಮುಂದೆ ಒಮ್ಮೆ 100, ಇನ್ನೊಮ್ಮೆ 66. ಎರಡನೆಯ ಸಲ ದ್ರಾವಿಡರೊಬ್ಬರು 27 ರನ್ನು ಮಾಡಿ ಔಟಾಗದೆ ನಿಂತರು. ಸೋಲು 328 ರನ್ನುಗಳಿಂದ.

ಜನವರಿ 2ರಂದು ಕೇಪ್‌ಟೌನಿನಲ್ಲಿ ಮುಂದಿನ ಟೆಸ್ಟು ಮೊದಲಾದಾಗ ಜಾನ್ಸನ್ನರು ತಂಡದಲ್ಲಿರಲಿಲ್ಲ. ಅವರ ಚೆಂಡಿನಲ್ಲಿ ವೇಗವಿದ್ದಷ್ಟು ಗುರಿಯ ನಿಯಮವಿರಲಿಲ್ಲವೆಂಬುದು ನಿಜವೇ. ಅದನ್ನು ಮುಚ್ಚಿಟ್ಟು ಹೊಗಳುವುದು ಚರಿತ್ರೆಯಾಗದು. ಆದರೆ 66 ರನ್ನಿನ ಪಾಪದಲ್ಲಿ ಅವರ ಪಾಲೆಷ್ಟು? ಅವರ ಸ್ಥಾನಕ್ಕೆ ಬಂದವರು ದೊಡ್ಡ ಗಣೇಶರು, ಮತ್ತೊಬ್ಬ ಕನ್ನಡಿಗರು. ಅವರಿಗೂ ದೊರೆತದ್ದು ನಾಲ್ಕು ಟೆಸ್ಟು, ಐದು ವಿಕೆಟ್ಟು ಮಾತ್ರ. ಪ್ರಥಮದರ್ಜೆಯಲ್ಲಿ 104 ಪಂದ್ಯಗಳಲ್ಲಿ 365 ವಿಕೆಟ್ಟು ಪಡೆದವರ ಗತಿಯಿದು! ಆಯ್ಕೆಗಾರರು ಹುಡುಕುತ್ತಿದ್ದುದು ಎರಡನೆಯ ಶ್ರೀನಾಥನನ್ನು. ಬಂದವರೆಲ್ಲರನ್ನೂ ಆ ಅಳತೆಗೋಲಿನಿಂದಲೇ ಅಳೆದರು.

ಜಾನ್ಸನ್ನರ ಟೆಸ್ಟ್ ಜೀವನವು ಸುಮಾರು ಹನ್ನೊಂದು ವಾರಗಳಲ್ಲಿ ಮುಗಿದುಹೋಯಿತು: ಎರಡು ಪಂದ್ಯ, 240 ಚೆಂಡು, 3 ವಿಕೆಟ್ಟು, ವಿಕೆಟ್ಟೊಂದಕ್ಕೆ 47.66 ರನ್ನು. ಇವರ ಹೆಸರು ಬಂದಾಗ ನಮ್ಮ ಪುಟ್ಟೇನಹಳ್ಳಿ ಕೆರೆಯ ಬಳಿ ಸಂಜೆ ಕೂಡುವ ಮಿತ್ರರು ಹೇಳುವುದೂ ಈ ಲೆಕ್ಕವನ್ನೇ. ನಾನಾದರೋ ಇನ್ನೊಂದು ಲೆಕ್ಕವನ್ನು ಮುಂದಿಡುತ್ತೇನೆ. ಪ್ರಥಮದರ್ಜೆಯ 39 ಪಂದ್ಯಗಳಲ್ಲಿ 125 ವಿಕೆಟ್ಟು, ಒಂದಕ್ಕೆ 28.63. ಎರಡು ಪಂದ್ಯಗಳ ಲೆಕ್ಕ ಪ್ರತಿನಿಧಿಯದು, ಮೂವತ್ತೊಂಬತ್ತರದು ಬೌಲರನದು. ಕರ್ನಾಟಕವು 1997-98ರಲ್ಲಿಯೂ 1998-99ರಲ್ಲಿಯೂ ಮತ್ತೆ ರಣಜಿಯನ್ನು ಗೆದ್ದಾಗ ನಮ್ಮ ವೇಗದ ಪಡೆ ಎಂಥದಿದ್ದಿತೆಂಬುದನ್ನು ಎರಡನೆಯ ಲೆಕ್ಕವೇ ತಿಳಿಸೀತು. ಅವರು ಆ ದರ್ಜೆಯ ಆಟವನ್ನು 2001-02ರವರೆಗೆ ಆಡಿದರು.

2024ನೆಯ ಜೂನ್ 20ರಂದು ಕೊತ್ತನೂರಿನ ತಮ್ಮ ಮನೆಯ ಮೇಲಂತಸ್ತಿನಿಂದ ಬಿದ್ದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಜೆ.ಪಿ. ನಗರದ ಕಡೆಯ ಕೊತ್ತನೂರಲ್ಲ, ಹೆಣ್ಣೂರಿನಾಚೆಯದು. ಅದೇ ದಿನ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ವಿಶ್ವಕಪ್ ಪಂದ್ಯವನ್ನಾಡಿದ ಭಾರತದವರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡಿದ್ದರು. ಆ ತಂಡದ ತರಬೇತುದಾರರಾಗಿದ್ದವರು ರಾಹುಲ್ ದ್ರಾವಿಡರು. ದೆಹಲಿ, ದರ್ಬನ್ನು ಎರಡೂ ಕಡೆ ಜಾನ್ಸನ್ನರೊಡನೆ ಆಡಿದ್ದವರು.